ವ್ಯಾಜಸ್ತುತಿಯವರ ಮನೆ ಸೊಸೆ

ನಮ್ಮೂರಿಗಿಂತ ದೊಡ್ಡ ಊರು ಈ ಭೂಮಂಡಲದಲ್ಲಿ ಇನ್ನೊಂದಿಲ್ಲ. ನಾಲ್ಕು ಬೀದಿ, ಒಂದು ಕೆರೆ, ಒಂದು ಸಂತೆಮಾಳ. ಬೀದಿಯ ಈ ತುದಿಯಲ್ಲಿ ನಿಂತು ನಾನು ಕೂಗಿದರೆ ಆ ತುದಿಯ ಗೋಡೆಗಳ ಗಾರೆ ಉದುರುತ್ತದೆ, ಸ್ಮಶಾನದಲ್ಲಿ ಮಲಗಿದವರು ಮಗ್ಗುಲು ಬದಲಾಯಿಸುತ್ತಾರೆ. ನಗಬೇಡಿ. ನಮ್ಮದು ಅತಿಶಯೋಕ್ತಿಯವರ ಮನೆ. ಇದ್ದದ್ದನ್ನು ಇದ್ದಷ್ಟೇ ಹೇಳಲು ನನ್ನ ನಾಲಿಗೆ ಒಪ್ಪುವುದಿಲ್ಲ. ಊರಿನವರು ಇದಕ್ಕೆ ಒಗ್ಗಿಹೋಗಿದ್ದಾರೆ. ಸುಬ್ಬತ್ತೆ ನೂರು ಅಂದರೆ ನಾಲ್ಕೈದು ಅಂತ ತಿಳಿದುಕೊಳ್ಳುತ್ತಾರೆ, ಜೀವ ಹೋಯಿತು ಅಂದರೆ ಕಾಲು ಉಳುಕಿರಬೇಕು ಅಂತ ಎಣ್ಣೆ ತರುತ್ತಾರೆ. ನೀವೂ ಹಾಗೇ ಲೆಕ್ಕ ಕಳೆದು ಕೇಳಿ, ಅಡ್ಡಿಯಿಲ್ಲ.

ನಮ್ಮಲ್ಲಿ ಹೊಸಬರು ಬಂದರೆ ಯಾರ ಮಗ, ಯಾವ ಕೆಲಸ ಅಂತ ಕೇಳುವ ಮೊದಲು ನಿಮ್ಮದು ಯಾವ ಅಲಂಕಾರ ಅಂತ ಕೇಳುತ್ತೇವೆ. ಮನೆಗೊಂದು ಅಲಂಕಾರ. ಆ ಮನೆಯ ನಾಲಿಗೆ ಅದೇ ದಾರಿಯಲ್ಲಿ ಓಡುತ್ತದೆ. ಬೇರೆ ದಾರಿ ಹಿಡಿಸಲು ಹೋದರೆ ಮೊಂಡು ಎತ್ತಿನ ಹಾಗೆ ನಿಂತುಬಿಡುತ್ತದೆ. ಉಪಮೆಯವರ ಮನೆಯಲ್ಲಿ ಊಟಕ್ಕೆ ಕೂತರೆ, ಅನ್ನ ಯಾವುದರ ಹಾಗಿದೆ ಅಂತ ಹೇಳಿ ಮುಗಿಸುವಷ್ಟರಲ್ಲಿ ಅದು ಆರಿಹೋಗಿರುತ್ತದೆ. ಸಂದೇಹದವರ ಪೈಕಿ ಕ್ಷೌರದ ಗೋಪಾಲಿ ಕತ್ತಿ ಎತ್ತಿಕೊಂಡು “ಇದು ತಲೆಯೋ, ಕುಂಬಳಕಾಯೋ?” ಅಂತ ನಿಜವಾಗಿಯೇ ಯೋಚಿಸುತ್ತ ನಿಲ್ಲುತ್ತಾನೆ, ಕುರ್ಚಿಯಲ್ಲಿ ಕೂತವರು ಬೆವರುತ್ತಾರೆ. ಅನುಪ್ರಾಸದವರು ಮಕ್ಕಳಿಗೆಲ್ಲ ಒಂದೇ ಅಕ್ಷರದಿಂದ ಹೆಸರಿಟ್ಟಿರುವುದರಿಂದ ಒಬ್ಬನನ್ನು ಕರೆದರೆ ಮನೆಮಂದಿಯೆಲ್ಲ ಓಡಿಬರುತ್ತಾರೆ. ಇನ್ನು ಶ್ಲೇಷೆಯ ಸೀನಪ್ಪನವರಿಗೆ ಏನು ಹೇಳಿದರೂ ಎರಡೆರಡು ಅರ್ಥ ಕೇಳಿಸುತ್ತದೆ. “ಗುಂಡಿ ಬಿದ್ದಿದೆ ನೋಡಿ ಸೀನಪ್ಪನೋರೇ” ಅಂದರೆ ಮೊದಲು ಕಾಲ ಕೆಳಗೆ ನೋಡುತ್ತಾರೆ, ಆಮೇಲೆ ಅಂಗಿ ಮುಟ್ಟಿಕೊಳ್ಳುತ್ತಾರೆ. ವಯಸ್ಸಾಗಿ ಕಣ್ಣು ಮಂಜಾಗಿದೆ, ಕಿವಿ ಮಾತ್ರ ಚುರುಕು. ಪ್ರತಿ ಮಾತಿಗೂ ಎರಡು ಕಿವಿ ಕೊಡುವವರು ಅಂತಲೇ ಊರಿನ ನ್ಯಾಯಕ್ಕೆಲ್ಲ ಅವರೇ ಹಿರಿಯರು.

ನಾನು ಹುಟ್ಟಿದ್ದು ಸ್ವಭಾವೋಕ್ತಿಯವರ ಮನೆಯಲ್ಲಿ. ಇದ್ದದ್ದು ಇದ್ದ ಹಾಗೆ ಹೇಳುವ ಜನ. ನನ್ನ ತಮ್ಮ ವೆಂಕಟಾಚಲ ಇವತ್ತಿಗೂ ಊರಿಗೆಲ್ಲ ಸಾಕ್ಷಿ ಹೇಳುವವನು. ಯಾರದಾದರೂ ಹಸು ತಪ್ಪಿಸಿಕೊಂಡರೆ ಅವನನ್ನೇ ಕರೆಯುತ್ತಾರೆ. ಯಾವ ಕೊಂಬು ಎತ್ತ ಬಾಗಿದೆ ಅಂತ ಅವನು ಹೇಳಿದರೆ ಪರವೂರಿನಲ್ಲೂ ಹಸು ಸಿಕ್ಕಿಬಿಡುತ್ತದೆ. ಮದುವೆಯಾಗಿ ಹೊಸ್ತಿಲು ದಾಟಿದ ಹೆಣ್ಣಿಗೆ ನಾಲಿಗೆ ಹೊರಳುತ್ತದೆ, ಗಂಡನ ಮನೆಯ ಅಲಂಕಾರ ಬರುತ್ತದೆ. ನನಗಂತೂ ಅಕ್ಷತೆ ಒಣಗುವ ಮೊದಲೇ ಹೊರಳಿತು. ನಮ್ಮೆಜಮಾನರದ್ದು ಸಂತೆಯಲ್ಲಿ ಹರಾಜು ಕೂಗುವ ಕೆಲಸ, ಅವರ ಜೊತೆ ನಿಂತು ಒಂದೇ ಒಂದು ತೂತು ಬಿದ್ದ ಕೊಡವನ್ನು ಕುಬೇರನ ಮನೆಯದು ಅಂತ ಮಾರಿದವಳು ನಾನು. ಆವತ್ತಿನಿಂದ ಒಂದು ಪುಟ್ಟ ಪದ ಮಾತ್ರ ನನ್ನ ಬಾಯಿಗೆ ಬರುವುದಿಲ್ಲ. ಅನ್ನ ಎಷ್ಟು ಹಾಕಲಿ ಅಂತ ಬಡಿಸುವವರು ಕೇಳಿದಾಗ ಬೇರೆಯವರು ಬೆರಳು ಮಡಿಸಿ ಹೇಳುತ್ತಾರಲ್ಲ, ಆ ಪದ. ಅದಿಲ್ಲದೆ ನಾನು ಎಷ್ಟು ಮದುವೆ ಮನೆಗಳಲ್ಲಿ ಎಲೆ ತುಂಬ ಅನ್ನ ಹಾಕಿಸಿಕೊಂಡು ಕಣ್ಣೀರು ಹಾಕಿದ್ದೇನೆ ಅಂತ ದೇವರಿಗೇ ಗೊತ್ತು.

ಕತೆ ನನ್ನದಲ್ಲ, ವಾರಿಜಳದ್ದು. ವೆಂಕಟಾಚಲನ ಒಬ್ಬಳೇ ಮಗಳು. ತಾಯಿ ಇಲ್ಲದ ಹುಡುಗಿ, ಅವನೇ ಜಡೆ ಹಾಕಿ ಬೆಳೆಸಿದ. ಜಡೆ ಸೊಟ್ಟಗಾದರೆ “ಸೊಟ್ಟಗಾಗಿದೆ” ಅಂತಲೇ ಹೇಳಿ ಶಾಲೆಗೆ ಕಳಿಸುತ್ತಿದ್ದ. ಅವಳಿಗೆ ಗಂಡು ಹುಡುಕಿದವಳು ನಾನು, ಆದ್ದರಿಂದ ಮುಂದೆ ನಡೆದದ್ದಕ್ಕೆಲ್ಲ ನನಗೂ ಹೊಟ್ಟೆಯೊಳಗೆ ಬೆಂಕಿಯಿತ್ತು.

ಗಂಡಿನ ಕಡೆಯವರು ವ್ಯಾಜಸ್ತುತಿಯವರು. ಬೈದರೆ ಹೊಗಳಿದ ಹಾಗೆ, ಹೊಗಳಿದರೆ ಬೈದ ಹಾಗೆ. ಸಂತೆಮಾಳದ ಎದುರು ಅವರದೊಂದು ಹೋಟೆಲು. ಬಾಗಿಲ ಮೇಲಿನ ಬೋರ್ಡಿನಲ್ಲಿ “ಒಮ್ಮೆ ತಿಂದವರು ಮತ್ತೆ ಈ ಕಡೆ ತಲೆ ಹಾಕಲಾರರು” ಅಂತ ದಪ್ಪ ಅಕ್ಷರದಲ್ಲಿ ಬರೆಸಿದ್ದಾರೆ. ಬೆಳಗಾದರೆ ಅದರ ಕೆಳಗೆ ಕಾಲಿಡಲು ಜಾಗವಿರುವುದಿಲ್ಲ. ಒಲೆಯ ಮುಂದೆ ಕನಕಮ್ಮ, ಗಲ್ಲಾಪೆಟ್ಟಿಗೆಯ ಮುಂದೆ ಅವಳ ಮಗ ಅಚ್ಯುತ. ಗಂಡ ತೀರಿಕೊಂಡ ಮೇಲೆ ಹೋಟೆಲನ್ನು ಒಬ್ಬಳೇ ನಡೆಸಿದ ಗಟ್ಟಿಗಿತ್ತಿ ಕನಕಮ್ಮ, ನನ್ನ ವಾರಿಗೆಯವಳು.

ಹೆಣ್ಣು ನೋಡಲು ಬಂದ ದಿನ ಕನಕಮ್ಮ ವಾರಿಜಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಅಯ್ಯೋ ಕರ್ಮವೇ! ಇಂಥ ಹುಡುಗೀನ ತೋರ್ಸೋಕೆ ನಮ್ಮನ್ನ ಕರೆಸಿದ್ರಾ? ಈ ಮೂತಿ ನೋಡ್ಕೊಂಡು ನನ್ನ ಮಗ ಬಾಳ್ಬೇಕಾ? ಇವಳು ಮಾಡಿದ ಕೇಸರಿಬಾತು ನಾಯಿನೂ ಮೂಸಲ್ಲ!” ಅಂದಳು. ಅನ್ನುತ್ತಲೇ ಇನ್ನೊಂದು ಸಲ ಹಾಕು ಅಂತ ತಟ್ಟೆ ಚಾಚಿದಳು.

ವೆಂಕಟಾಚಲ ಎದ್ದು ನಿಂತ. “ಹುಡುಗಿ ಮುಖದಲ್ಲಿ ದೋಷ ಇಲ್ಲ. ಎಡಹುಬ್ಬಿನ ಮೇಲೆ ಮಚ್ಚೆ ಇದೆ. ಕೇಸರಿಬಾತಿಗೆ ದ್ರಾಕ್ಷಿ ಕಮ್ಮಿಯಾಗಿದೆ. ಬೇರೆ ತಪ್ಪಿಲ್ಲ” ಅಂದ.

ನಾನು ಅವನ ಪಂಚೆ ಹಿಡಿದು ಜಗ್ಗಿ ಕೂರಿಸಿದೆ. “ಲೋ ವೆಂಕಟು, ಒಪ್ಪಿದಾಳೆ ಕಣೋ! ಮೂರು ಲೋಕಕ್ಕೂ ಕೇಳಿಸೋ ಹಾಗೆ ಒಪ್ಪಿದಾಳೆ!”

ಅಚ್ಯುತ ಕಿವಿಯೆಲ್ಲ ಕೆಂಪು ಮಾಡಿಕೊಂಡು, “ಇವಳನ್ನ ನೋಡಿದ್ಮೇಲೆ ನನಗೆ ಬದುಕೇ ಬೇಡ ಅನ್ನಿಸ್ತಿದೆ” ಅಂದ. ವಾರಿಜ ತಲೆ ತಗ್ಗಿಸಿ ನಕ್ಕುಬಿಟ್ಟಳು. ಆ ನಗುವಿಗೆ ನಮ್ಮ ತೊಟ್ಟಿಯ ತುಳಸಿ ಒಂದು ಆಳುದ್ದ ಬೆಳೆಯಿತು. ಮದುವೆಯಾಯಿತು.

ನಮ್ಮೂರಲ್ಲಿ ಜಾಡಿ ಕಟ್ಟುವ ದಿನ ಅಂತ ಒಂದಿದೆ. ಮದುವೆಯಾದ ಮೇಲಿನ ಮೊದಲ ಮಾವಿನಕಾಯಿ ಕಾಲದಲ್ಲಿ ಗಂಡನ ಮನೆಯಲ್ಲಿ ಹೊಸ ಉಪ್ಪಿನಕಾಯಿ ಹಾಕಿ, ಜಾಡಿಯ ಬಾಯಿಗೆ ಬಟ್ಟೆ ಕಟ್ಟುವ ಮೊದಲು ಸೊಸೆ ಹಿರಿಯರ ಮುಂದೆ ಬಾಯಿ ಬಿಡಬೇಕು. ಅತ್ತೆಯ ಬಗ್ಗೆ ನಾಲ್ಕು ಮಾತು, ಆ ಮನೆಯ ಅಲಂಕಾರದಲ್ಲಿ. ನಾಲಿಗೆ ಹೊರಳಿದ್ದು ಗೊತ್ತಾದರೆ ಅತ್ತೆ ಜಾಡಿ ಕಟ್ಟುತ್ತಾಳೆ, ಅಲ್ಲಿಂದ ಅವಳು ಆ ಮನೆಯವಳು. ಹೊರಳದಿದ್ದರೆ ಯಾರೂ ಜಗಳವಾಡುವುದಿಲ್ಲ; ಬಾಯಿ ಕಟ್ಟದ ಜಾಡಿಯನ್ನು ಅವಳ ಕೈಗೆ ಕೊಟ್ಟು ತವರಿಗೆ ಕಳಿಸುತ್ತಾರೆ. ಮದುವೆ ಅಲ್ಲಿಗೆ ಮುಗಿಯಿತು. ಬಹಳ ಮರ್ಯಾದೆಯಿಂದ ಮುಗಿಯುತ್ತದೆ, ಅದೇ ಇನ್ನೂ ಸಂಕಟ.

ವಾರಿಜಳ ನಾಲಿಗೆ ಹೊರಳಲಿಲ್ಲ.

ಹೋದ ಹೊಸದರಲ್ಲೇ ಎಡವಟ್ಟಾಯಿತು. ಮೊದಲ ತುತ್ತು ಬಾಯಿಗಿಟ್ಟುಕೊಂಡು, ಮನಸ್ಸು ತುಂಬಿ, “ಸಾರು ತುಂಬಾ ಚೆನ್ನಾಗಿದೆ ಅತ್ತೆ” ಅಂದುಬಿಟ್ಟಳು. ಅಚ್ಯುತನ ಕೈ ಬಾಯಿಗೆ ಹೋದದ್ದು ಅಲ್ಲೇ ನಿಂತಿತು. ಕನಕಮ್ಮ ಎದ್ದು, ಸಾರಿನ ಪಾತ್ರೆ ಎತ್ತಿಕೊಂಡು ಹೋಗಿ ಹಿತ್ತಲ ಮೋರಿಗೆ ಸುರಿದು ಬಂದಳು. ಆ ದಿನವೆಲ್ಲ ನೀರೂ ಮುಟ್ಟಲಿಲ್ಲ. ಆ ಮನೆಯಲ್ಲಿ ಅಷ್ಟು ಕೆಟ್ಟ ಮಾತನ್ನು ಅವಳಿಗೆ ಯಾರೂ ಅಂದಿರಲಿಲ್ಲ. ಗಂಡ ಬದುಕಿದ್ದಾಗ ಅವಳ ಸಾರನ್ನು ಕತ್ತೆ ತೊಳೆದ ನೀರು ಅನ್ನುತ್ತಿದ್ದ, ಅದನ್ನು ನೆನೆದು ಅವಳು ಇವತ್ತಿಗೂ ಕಣ್ಣೊರೆಸಿಕೊಳ್ಳುತ್ತಾಳೆ.

ಅದಾದ ಮೇಲೆ ಹುಡುಗಿ ಬಾಯಿ ಮುಚ್ಚಿಕೊಂಡಳು. ಮಾತಾಡಿದರೆ ತಪ್ಪು, ಆಡದಿದ್ದರೆ ಬಿಗುಮಾನ. ಇತ್ತ ಕನಕಮ್ಮ ಬೆಳಗ್ಗೆ ಎದ್ದ ಕೂಡಲೇ ಶುರು: “ಎದ್ಯೇನೇ ಶನಿ? ಇನ್ನೂ ಮಲಗಬಾರ್ದಿತ್ತಾ? ಬಾ ಇಲ್ಲಿ, ಆ ಪೊರಕೆ ತಲೆಗೆ ಎಣ್ಣೆ ಹಚ್ತೀನಿ. ನಿನ್ನಂಥ ಪೀಡೆ ನನ್ನ ಹಣೇಲಿ ಬರೆದಿತ್ತಲ್ಲ!” ಇದಕ್ಕಿಂತ ಮುದ್ದು ಮಾಡಲು ಆ ಮನೆಯಲ್ಲಿ ಪದವಿಲ್ಲ. ಆದರೆ ಪ್ರತಿ ಸಲವೂ ವಾರಿಜಳ ಕಣ್ಣು ತುಂಬುತ್ತಿತ್ತು.

ಗುರುವಾರ ಸಂತೆಗೆ ಬಂದಾಗ ನಮ್ಮ ಮನೆಗೆ ಬರುತ್ತಿದ್ದಳು. ನಾನು ಅಭ್ಯಾಸ ಮಾಡಿಸುತ್ತಿದ್ದೆ.

“ನಾನೇ ಕನಕಮ್ಮ ಅಂತ ತಿಳ್ಕೋ. ಬೈಯೇ ನನ್ನ. ನೀವೊಂದು ರಾಕ್ಷಸಿ ಅನ್ನು.”

“ನೀವು...” ಅಂದಳು. ಕತ್ತಿನ ನರ ಉಬ್ಬಿತು. “ನೀವು... ಐದಡಿ ಎತ್ತರ ಇದೀರ ಅತ್ತೆ. ಎಡಗಾಲಿಗೆ ಊತ ಬಂದಿದೆ. ತೋರಿಸಿದ್ರಾ ಯಾರಿಗಾದ್ರೂ?”

“ಹಾಳಾಯ್ತು! ಬ್ರಹ್ಮ ಬಂದ್ರೂ ನಿನ್ನ ತಿದ್ದೋಕಾಗಲ್ಲ.”

ಅವಳು ನನ್ನ ಮೊಣಕಾಲ ಮೇಲೆ ತಲೆಯಿಟ್ಟಳು. “ಅತ್ತೆ, ಬೈಗುಳದ ಒಳಗೆ ಪ್ರೀತಿ ಇರುತ್ತೆ ಅಂತ ನನ್ನ ತಲೆಗೆ ಗೊತ್ತು. ಹೊಟ್ಟೆಗೆ ಗೊತ್ತಾಗಲ್ಲ. ಅವರಿಗೆ ನಿಜವಾಗ್ಲೂ ನಾನು ಬೇಡವಾದ್ರೆ ಆಗ ಏನಂತಾರೆ?”

“ಆಗ ಹೊಗಳ್ತಾರೆ.”

“ಹೊಗಳಿದ್ರೆ ನಾನು ನಗ್ತಾ ಕೂತಿರ್ತೀನಿ. ಬೈದ್ರೆ ಅಳ್ತಾ ಕೂತಿರ್ತೀನಿ. ಆ ಮನೇಲಿ ನನ್ನ ಮುಖ ಯಾವಾಗ್ಲೂ ತಪ್ಪಾಗೇ ಇರುತ್ತೆ ಅತ್ತೆ. ಆದ್ರೂ ನನಗೆ ಅಲ್ಲೇ ಇರ್ಬೇಕು.”

ಅಚ್ಯುತನ ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಬಾಗಿಲಲ್ಲಿ ಅವನ ಸೈಕಲ್ಲಿನ ಗಂಟೆ ಕೇಳಿದ್ದೇ ತಡ, ಮಳೆಗೆ ಮೊದಲು ನೆಲ ಬಿಸಿಯಾಗುವ ಹಾಗೆ ಅವಳ ಮುಖ ಬಿಸಿಯಾಯಿತು. ಅವನು ಒಳಗೆ ಬಂದು “ಎಲ್ಲಿ, ನನ್ನ ತಲೆನೋವು?” ಅಂದ. ಅವಳು ಸೆರಗು ಸರಿಮಾಡಿಕೊಂಡು ಹೊರಟಳು.

ಮಾವಿನ ಮರಗಳಲ್ಲಿ ಕಾಯಿ ದಪ್ಪಗಾಗುತ್ತಿದ್ದ ಕಾಲಕ್ಕೆ ವೆಂಕಟಾಚಲ ಮಗಳನ್ನು ನೋಡಲು ಹೋದ. ಹೋಗಬಾರದಿತ್ತು. ಕನಕಮ್ಮ ಸಡಗರದಿಂದ ಬೀಗರಿಗೆ ಮಣೆ ಹಾಕಿ, ದೋಸೆ ಮೇಲೆ ದೋಸೆ ಬಡಿಸುತ್ತ, ಸೊಸೆಯ ಮೇಲಿನ ಅಕ್ಕರೆಯನ್ನೆಲ್ಲ ಒಂದೇ ಸಲ ಸುರಿದುಬಿಟ್ಟಳು. “ನಿಮ್ಮ ಮಗಳು ಕಾಲಿಟ್ಟಾಗಿಂದ ನನ್ನ ಮನೆ ಮನೆಯಾಗಿ ಉಳಿದಿಲ್ಲ ಬೀಗರೇ. ಇಂಥ ಪೀಡೆ ಏಳೇಳು ಜನ್ಮಕ್ಕೂ ಬೇಡ. ಕರ್ಕೊಂಡು ಹೋಗಿ ಪುಣ್ಯ ಕಟ್ಕೊಳ್ಳಿ!”

ವೆಂಕಟಾಚಲ ಕೈ ತೊಳೆದ. “ಆಯ್ತು” ಅಂದ. ಮಗಳನ್ನು ಕರೆದು “ನಡಿ, ಬಟ್ಟೆ ತಗೋ” ಅಂದ.

ಅವನಿಗೆ ತಿಳಿಸಿ ಹೇಳಲು ಅಲ್ಲಿ ಯಾರಿಗೂ ನಾಲಿಗೆಯಿರಲಿಲ್ಲ. ಅಚ್ಯುತ ಗಾಬರಿಯಿಂದ ಓಡಿಬಂದು “ಹೋಗ್ಲಿ ಬಿಡಿ ಮಾವ, ಪೀಡೆ ತೊಲಗ್ಲಿ!” ಅಂದ. ಪಾಪ, ಅವನು ಕೈಮುಗಿದು ಬೇಡಿಕೊಂಡ ರೀತಿಯೇ ಅದು. ವಾರಿಜ ಅತ್ತೆಯ ಎದುರು ನಿಂತು, “ಹೋಗ್ಲಾ ಅತ್ತೆ?” ಅಂತ ಕೇಳಿದಳು. ಕನಕಮ್ಮ ಸೌಟು ಹಿಡಿದ ಕೈಯನ್ನು ಬೀಸುತ್ತ, “ಹೋಗು! ಒಂದು ಕ್ಷಣ ನಿಲ್ಬೇಡ ನನ್ನ ಕಣ್ಮುಂದೆ! ಹೋಗು!” ಅಂತ ಕೂಗಿದಳು. ನಿಲ್ಲು, ಹೋಗಬೇಡ ಅಂತ ಆ ಹೆಂಗಸು ಎದೆ ಬಿರಿಯುವಂತೆ ಕೂಗಿದ್ದು ಅಷ್ಟೇ. ಹುಡುಗಿಯ ಹೊಟ್ಟೆಗೆ ಅದು ಇಳಿಯಲಿಲ್ಲ. ಬಟ್ಟೆ ಗಂಟು ಕಟ್ಟಿಕೊಂಡು ಅಪ್ಪನ ಹಿಂದೆ ಹೊರಟುಹೋದಳು.

ಸುದ್ದಿ ಕೇಳಿ ನನ್ನ ರಕ್ತ ಕುದಿದು ಬೀದಿಗೆ ಹರಿಯಿತು. ಮೊದಲು ಕನಕಮ್ಮನ ಹೋಟೆಲಿಗೆ ಹೋದೆ. ಊಟದ ಹೊತ್ತು ಕಳೆದಿತ್ತು. ಅವಳು ಹಿತ್ತಲ ಕಲ್ಲಿನ ಮೇಲೆ ಕೂತು ಒಂದು ಹಿತ್ತಾಳೆ ತಟ್ಟೆ ತೊಳೆಯುತ್ತಿದ್ದಳು.

“ಹೇಗಿದೀಯೇ ಕನಕ?”

“ಸ್ವರ್ಗದಲ್ಲಿದೀನಿ. ಮನೆ ಎಷ್ಟು ನೆಮ್ಮದಿಯಾಗಿದೆ ಗೊತ್ತಾ? ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ದೆ. ನಿನ್ನ ತಮ್ಮ ಎಂಥ ಧರ್ಮಾ​ತ್ಮ! ಎಷ್ಟು ಬುದ್ಧಿವಂತ!” ಅಂದಳು. ಅವಳು ಮುಖ ಎತ್ತಲಿಲ್ಲ. “ಜಾಡಿ ದಿನ ಆ ದರಿದ್ರದವಳು ಈ ಹೊಸ್ತಿಲು ತುಳೀಕೂಡದು ಅಂತ ಹೇಳು. ಖಂಡಿತ ಬರಕೂಡದು ಅಂತ ನಾನು ಹೇಳ್ದೆ ಅನ್ನು.”

ನಾನು ಅಲ್ಲಿಂದ ಗಾಳಿಯ ಮುಂದೆ ಓಡಿ ತಮ್ಮನ ಮನೆ ಸೇರಿದೆ. ಅವನು ಜಗಲಿಯ ಮೇಲೆ ಕೂತಿದ್ದ.

“ಏನಂದ್ರು?” ಅಂದ.

“ಬರಕೂಡದು ಅಂದ್ಲು. ಅಂದ್ರೆ ಬಾ ಅಂತ ಕಣೋ! ಆ ಹೆಂಗಸು ಅತ್ತೂ ಅತ್ತೂ ಸಮುದ್ರ ಹರಿಸಿದಾಳೆ. ಒಲೆ ಆರಿ ಯುಗ ಆಗಿದೆ!”

ವೆಂಕಟಾಚಲ ನನ್ನ ಮಾತನ್ನು ಎಂದಿನ ಹಾಗೆ ಮನಸ್ಸಿನಲ್ಲೇ ಇಳಿಸಿಕೊಂಡ. “ನಿನ್ನ ಸಮುದ್ರ ಅಂದ್ರೆ ಒಂದು ಲೋಟ ಅಕ್ಕ. ಒಲೆ ಹೊತ್ತಿತ್ತು, ನಾನು ಸಂತೆಯಿಂದ ಬರುವಾಗ ಹೊಗೆ ನೋಡ್ದೆ. ಆಯಮ್ಮ ಬರಕೂಡದು ಅಂದಿದಾರೆ, ಅದು ಮಾತ್ರ ಇದ್ದದ್ದು.”

ನನಗೆ ಅವನ ತಲೆ ಒಡೆಯುವಷ್ಟು ಸಿಟ್ಟು ಬಂತು. ಸತ್ಯ ನನ್ನ ಬಾಯಲ್ಲಿತ್ತು, ಆದರೆ ನನ್ನ ಬಾಯಲ್ಲಿರುವ ಸತ್ಯಕ್ಕೆ ಊರಿನಲ್ಲಿ ಬೆಲೆಯಿಲ್ಲ. ಕನಕಮ್ಮನಿಗೆ ಬಾ ಅನ್ನಲು ಬರುವುದಿಲ್ಲ, ನನಗೆ ಇದ್ದಷ್ಟು ಹೇಳಲು ಬರುವುದಿಲ್ಲ, ಅವನಿಗೆ ಕೇಳಿದ್ದಕ್ಕಿಂತ ಬೇರೆ ತಿಳಿಯುವುದಿಲ್ಲ. ಮೂರು ಜನ ಮುದುಕರ ನಾಲಿಗೆಗೆ ಸಿಕ್ಕಿ ಒಂದು ಹುಡುಗಿಯ ಬಾಳು ಹೋಗುತ್ತಿತ್ತು.

ಅಷ್ಟರಲ್ಲಿ ಒಳಬಾಗಿಲಲ್ಲಿ ನಿಂತಿದ್ದ ವಾರಿಜ ಮಾತಾಡಿದಳು. ಕಣ್ಣ ಕೆಳಗೆ ಕಪ್ಪಾಗಿತ್ತು. “ಅತ್ತೆ, ಅವರು ಏನಂದ್ರು ಅಂತ ಬೇಡ. ಹೇಳುವಾಗ ಏನು ಮಾಡ್ತಿದ್ರು?”

“ತಟ್ಟೆ ತೊಳೀತಿದ್ಲು.”

“ಯಾವ ತಟ್ಟೆ?”

“ಹಿತ್ತಾಳೆದು. ಅಂಚು ನಗ್ಗಿರೋದು.”

ವಾರಿಜ ಹೊಸ್ತಿಲು ದಾಟಿ ಹೊರಗೆ ಬಂದಳು. “ಅದು ನಂದು. ನಾನು ಆ ಮನೆಗೆ ಹೋದ ಮೊದಲ ದಿನ ಕೈಜಾರಿ ಬಿದ್ದು ನಗ್ಗಿತು. ಅದರಲ್ಲಿ ಬೇರೆ ಯಾರೂ ಉಣ್ಣಲ್ಲ.” ಆಮೇಲೆ ಅಪ್ಪನ ಕಡೆ ತಿರುಗಿ, ಸಾಕ್ಷಿ ಹೇಳುವವರ ದನಿಯಲ್ಲಿ ಹೇಳಿದಳು: “ನಾನು ಇಲ್ಲಿದೀನಿ. ಆ ತಟ್ಟೇಲಿ ಯಾರೂ ಉಂಡಿಲ್ಲ. ಅತ್ತೆ ಅದನ್ನ ತೊಳೀತಿದಾರೆ.”

ವೆಂಕಟಾಚಲ ನನ್ನ ಮಾತನ್ನು ನಂಬದಿದ್ದರೂ, ಹಸುವಿನ ಕೊಂಬಿನ ಹಾಗೆ ಗುರುತು ಸಿಕ್ಕರೆ ನಂಬುವವನು. “ಜಾಡಿ ದಿನಕ್ಕೆ ಹೋಗೋಣ” ಅಂದ. ಅಷ್ಟೇ ಅಂದ. ಆದರೆ ಎದ್ದು ಒಳಗೆ ಹೋಗಿ ಒಂದು ಗೋಣಿಚೀಲವನ್ನೂ ಕೊಡವಿ ಇಟ್ಟ. ಜಾಡಿ ವಾಪಸು ಬಂದರೆ ಹೊತ್ತು ತರಬೇಕಲ್ಲ. ಮಗಳ ನಾಲಿಗೆ ಹೊರಳಿಲ್ಲ ಅನ್ನುವುದೂ ಅವನಿಗೆ ಇದ್ದದ್ದೇ.

ಆ ದಿನ ಹೋಟೆಲಿನ ಹಿತ್ತಲಲ್ಲಿ ಊರಿಗೆ ಊರೇ ಸೇರಿತ್ತು. ನಡುವೆ ದೊಡ್ಡ ಪಿಂಗಾಣಿ ಜಾಡಿ, ಸಾಸಿವೆ ಇಂಗಿನ ಘಾಟು, ಪಕ್ಕದಲ್ಲಿ ಮಡಿಸಿಟ್ಟ ಬಿಳಿ ಬಟ್ಟೆ ಮತ್ತು ದಾರ. ಒಂದು ಕಡೆ ಮಣೆಯ ಮೇಲೆ ಸೀನಪ್ಪನವರು, ಅವರ ಬಲಕ್ಕೆ ಅಚ್ಯುತನ ದೊಡ್ಡಪ್ಪ. ಕನಕಮ್ಮ ಜಾಡಿಯ ಹಿಂದೆ ಕೂತಿದ್ದಳು, ಅರ್ಧ ಆಳಾಗಿದ್ದಳು. ವಾರಿಜ ಬಂದದ್ದನ್ನು ಕಂಡು “ಯಾಕ್ ಬಂದ್ಯೇ?” ಅಂದಳು.

ಸೀನಪ್ಪನವರು “ಮಾತಾಡಮ್ಮ” ಅಂದರು.

ವಾರಿಜ ಬಾಯಿ ತೆರೆದಳು. ನಾನು ಮೂಲೆಯಲ್ಲಿ ನಿಂತಿದ್ದೆ. ನಾನು ಕಲಿಸಿದ ರಾಕ್ಷಸಿ ಬರಲಿಲ್ಲ, ಪೀಡೆ ಬರಲಿಲ್ಲ. ಅವಳ ಕತ್ತಿನ ನರ ಉಬ್ಬಿ ಇಳಿಯಿತು. ಆಮೇಲೆ ಅವಳು ಪ್ರಯತ್ನ ಬಿಟ್ಟು, ಭುಜ ಇಳಿಸಿ, ಅತ್ತೆಯನ್ನು ನೋಡುತ್ತ ಇದ್ದದ್ದನ್ನೇ ಹೇಳತೊಡಗಿದಳು.

“ನಮ್ಮತ್ತೆ ನನಗೆ ತುಂಬಾ ತೊಂದರೆ ಕೊಟ್ಟಿದಾರೆ. ಬರುವಾಗ ನಾನು ನನ್ನ ಕೆಲಸ ಎಲ್ಲಾ ಮಾಡ್ಕೋತಿದ್ದೆ. ಈಗ ತಲೆಗೆ ಎಣ್ಣೆ ಹಚ್ಕೊಳ್ಳೋಕೂ ಬರಲ್ಲ, ಅವರೇ ಹಚ್ಚಿ ಹಚ್ಚಿ ಕೆಡಿಸಿದಾರೆ. ತವರಿಂದ ತಂದ ರವಿಕೆ ಒಂದೂ ಹಿಡಿಸಲ್ಲ. ಬೈತಾ ಬೈತಾ ತುಪ್ಪ ಹಾಕ್ತಾರೆ, ಬೇಡ ಅಂದ್ರೆ ಇನ್ನೂ ಬೈದು ಇನ್ನೂ ಹಾಕ್ತಾರೆ. ಅಪ್ಪನ ಮನೇಲಿ ನನಗೆ ನಿದ್ದೆ ಬರ್ಲಿಲ್ಲ. ಅಲ್ಲಿ ಎಲ್ಲಾ ಸರಿಯಾಗಿತ್ತು. ಬೆಳಗ್ಗೆ ಎದ್ರೆ ಯಾರೂ ಶನಿ ಅನ್ಲಿಲ್ಲ. ಮನೆ ಸುಮ್ಮನಿತ್ತು. ನಾನು ಹುಟ್ಟಿದ ಮನೇನ ಇವರು ನನಗೆ ಯಾರದೋ ಮನೆ ಮಾಡ್ಬಿಟ್ಟಿದಾರೆ. ಎಲ್ಲಿಗೂ ಹೋಗೋಕೆ ಆಗದ ಹಾಗೆ ಮಾಡಿದಾರೆ. ಈ ಅನ್ಯಾಯಕ್ಕೆ ನೀವೇ ಏನಾದ್ರೂ ತೀರ್ಮಾನ ಹೇಳಿ.”

ಅಚ್ಯುತನ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, “ಭೇಷ್! ಎಂಥ ಚೆನ್ನಾಗಿ ಹೊರಳಿದೆ ನಾಲಿಗೆ!” ಅಂದ. ವ್ಯಾಜದವರ ಹೊಗಳಿಕೆ. ನನ್ನ ಕಾಲ ಕೆಳಗಿನ ನೆಲ ಪಾತಾಳಕ್ಕೆ ಹೋಯಿತು.

ಸೀನಪ್ಪನವರು ಕೈಯೆತ್ತಿ, “ವೆಂಕಟಾಚಲ, ಸಾಕ್ಷಿ ನೀನೇ. ಹುಡುಗಿ ಹೇಳಿದ್ದು ಇದ್ದದ್ದೋ ಇಲ್ಲದ್ದೋ?” ಅಂತ ಕೇಳಿದರು.

ಇಲ್ಲದ್ದು ಅಂದಿದ್ದರೆ ಅದು ಬೈಗುಳವಾಗುತ್ತಿತ್ತು, ವ್ಯಾಜಸ್ತುತಿಯಾಗುತ್ತಿತ್ತು, ಮಗಳು ಉಳಿಯುತ್ತಿದ್ದಳು. ಅವನಿಗೂ ಅದು ಗೊತ್ತಿತ್ತು. ಗೋಣಿಚೀಲವನ್ನು ಕೈಯಲ್ಲಿ ಹಿಂಡಿದ. “ಇದ್ದದ್ದು. ರವಿಕೆ ಹಿಡಿಸಲ್ಲ. ನಿದ್ದೆ ಮಾಡ್ಲಿಲ್ಲ. ಮನೆ ಸುಮ್ಮನಿತ್ತು. ನಾನು ಹಾಕಿದ ಜಡೆ ಬಿಚ್ಚಿ, ಬೇರೆ ಥರ ಹಾಕ್ಕೊಂಡ್ಲು.” ಅಷ್ಟು ಹೇಳಿ ನೆಲ ನೋಡಿದ.

“ಹಾಗಾದ್ರೆ ಇದು ಸ್ವಭಾವೋಕ್ತಿ, ಹೊರಳಿಲ್ಲ” ಅಂತ ಜನರ ನಡುವಿನಿಂದ ಯಾರೋ ಅಂದರು. ಕನಕಮ್ಮ ಕಣ್ಣು ಮುಚ್ಚಿಕೊಂಡಳು.

ಸೀನಪ್ಪನವರು ತಲೆಯಾಡಿಸುತ್ತ ಇದ್ದರು. “ತಡೀರಪ್ಪ. ನನಗೆ ಎರಡೂ ಕೇಳಿಸ್ತಲ್ಲ! ಒಂದು ಕಿವೀಲಿ ಇದ್ದದ್ದೇ ಕೇಳ್ತು. ಇನ್ನೊಂದು ಕಿವೀಲಿ ಅತ್ತೇನ ಬೈದು ಬೈದು ಹೊಗಳಿದ್ದು ಕೇಳ್ತು. ಎಳ್ಳು ಅಕ್ಕಿ ಕಲಸಿದ್ರೆ ಆರಿಸಿ ಬೇರೆ ಮಾಡಬಹುದು. ಇದು ಹಾಲು ನೀರು. ಇದಕ್ಕೆ ಸಂಕರ ಅಂತ ಹೆಸರು. ನಮ್ಮಜ್ಜ ಹೇಳ್ತಿದ್ರು, ಕಿವಿಯಾರೆ ಕೇಳಿದ್ದು ಇವತ್ತೇ. ಇದು ಸ್ವಭಾವೋಕ್ತಿ ಹೌದು, ನಿಮ್ಮನೇದೂ ಹೌದು. ಇನ್ನು ಜಾಡಿ ಕಟ್ಟೋದು ಬಿಡೋದು ಕನಕಮ್ಮನ ಕೈಲಿದೆ.”

ಕನಕಮ್ಮ ಎದ್ದಳು. ಬಟ್ಟೆ ತೆಗೆದುಕೊಂಡು ಜಾಡಿಯ ಬಾಯಿಗೆ ಹಾಸಿದಳು. ದಾರ ಕೈಯಿಂದ ಜಾರಿತು. “ಏನ್ ನೋಡ್ತಾ ನಿಂತಿದೀಯೇ ಹಾಳಾದವಳೇ?” ಅಂದಳು. “ಆ ಕಡೆ ತುದಿ ಹಿಡ್ಕೋಬಾರ್ದಾ? ಇಂಥ ಕೈಲಾಗದವಳನ್ನ ಕಟ್ಕೊಂಡು ಸಾಯೋವರೆಗೂ ಏಗ್ಬೇಕಲ್ಲ ನಾನು! ತೊಲಗಬಾರ್ದಾ ನೀನು!”

ಈ ಸಲವೂ ವಾರಿಜಳ ಕಣ್ಣು ತುಂಬಿತು, ಆದರೆ ಮುಖ ತಪ್ಪಾಗಿರಲಿಲ್ಲ. ಅಳುತ್ತ ನಗುತ್ತ ಬಂದು ತುದಿ ಹಿಡಿದಳು. ಇಬ್ಬರೂ ಸೇರಿ ಗಂಟು ಬಿಗಿದರು. ಅಚ್ಯುತ ಎಲ್ಲರ ಎದುರೇ “ನನ್ನ ಗತಿ ಮುಗೀತು!” ಅಂತ ಕುಣಿದಾಡಿಬಿಟ್ಟ.

ವೆಂಕಟಾಚಲ ಗೋಣಿಚೀಲ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ನನ್ನ ಹತ್ತಿರ ಬಂದ. “ಅಕ್ಕ, ತೊಲಗು ಅಂದ್ರು. ಹಾಗಂದ್ರೆ ಇರು ಅಂತ ತಾನೆ?”

“ಹೌದು ಕಣೋ.”

ಅವನು ತಲೆಯಾಡಿಸಿ, ಹೋಗಿ ಮಗಳ ಮುಂದೆ ನಿಂತ. ಮಳೆ ಬರುವ ಮುಂಚೆ ಮನೆ ಸೇರಬೇಕು, ಚೀಲ ಬೇಕಾಗಲಿಲ್ಲ, ಇಂಥದ್ದೇನಾದರೂ ಹೇಳಿ ಹೊರಡುತ್ತಾನೆ ಅಂದುಕೊಂಡೆ. ಅವನು ಬಾಯಿ ತೆರೆದ, ಮುಚ್ಚಿದ. ಹಣೆಯಲ್ಲಿ ಬೆವರು ಮೂಡಿತು. ಹುಟ್ಟಿದಾಗಿನಿಂದ ಒಂದೇ ದಾರಿಯಲ್ಲಿ ನಡೆದ ನಾಲಿಗೆಯನ್ನು ಅವನು ಎಳೆದು ತಿರುಗಿಸುತ್ತಿದ್ದ. ಅವನ ಕುತ್ತಿಗೆಯ ನರ ನನಗೆ ಅಷ್ಟು ದೂರದಿಂದಲೂ ಕಾಣಿಸುತ್ತಿತ್ತು.

“ಮಗಳೇ” ಅಂದ. “ಹಾಳಾಗಿ ಹೋಗು.”

ಅಷ್ಟಕ್ಕೇ ಬಿಡಲಿಲ್ಲ. “ಮತ್ತೆ ನನ್ನ ಮನೆ ಕಡೆ ತಲೆ ಹಾಕ್ಬೇಡ. ನೀನಿಲ್ಲದೆ... ನೀನಿಲ್ಲದೆ ನಾನು ಬಹಳ ಸುಖವಾಗಿರ್ತೀನಿ.”

ವಾರಿಜ ಅಪ್ಪನ ಕಾಲಿಗೆ ಬಿದ್ದಳು. ಕನಕಮ್ಮ ಜಾಡಿಯನ್ನೇ ಅಪ್ಪಿಕೊಂಡು ಕೂತಳು. ಬಾಯ್ತುಂಬ ಬೈಯುವ ಆ ಮನೆಯಲ್ಲಿ ಆಗ ಯಾರಿಗೂ ಒಂದು ಬೈಗುಳವೂ ಹೊಳೆಯಲಿಲ್ಲ. ನಾನು ಮೂಲೆಯ ಕಂಬಕ್ಕೆ ಒರಗಿ ಸೆರಗು ಮುಖಕ್ಕೆ ಹಿಡಿದೆ.

ಸೀನಪ್ಪನವರು ಮಂಜುಗಣ್ಣು ಕಿರಿದು ಮಾಡಿ ನನ್ನ ಕಡೆ ತಿರುಗಿದರು. “ಆ ಮೂಲೇಲಿ ಯಾರಮ್ಮ ಅದು? ಹುಡುಗಿಗೆ ಏನಾಗ್ಬೇಕು?”

“ನಾನು... ಅತ್ತೆ” ಅಂದೆ.

ಅವರಿಗೆ ಎರಡೂ ಕೇಳಿಸಿತು. “ಎಷ್ಟು?” ಅಂದರು.

ಜನವೆಲ್ಲ ನನ್ನ ಕಡೆ ನೋಡಿದರು. ಕೆರೆ ಕೋಡಿ ಬಿದ್ದದ್ದೋ, ಊರು ಕೊಚ್ಚಿಹೋದದ್ದೋ ಬರುತ್ತದೆ ಅಂತ ಕಾದರು. ನಾನೂ ಅದನ್ನೇ ಹೇಳಲು ಬಾಯಿ ತೆರೆದೆ.

“ಸ್ವಲ್ಪ” ಅಂದೆ.